ಫ್ಯಾಂಟಮ್ ಇಂದ್ರಜಾಲಕ್ಕೆ ಬರುವ ಮುಂಚೆ ಹೇಗಿದ್ದ? ಹಳೇ ಪತ್ರಿಕೆ ಸ್ಟ್ರಿಪ್‌ಗಳ ಬಗ್ಗೆ ಮಾತಾಡೋಣ ಬನ್ನಿ

ಬ್ರಹ್ಮಪುರ_ಓದುಗ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಕಾಡಿನಲ್ಲಿದ್ದು ಕೆಟ್ಟವರನ್ನು ಮಟ್ಟ ಹಾಕುವ ಮುಖವಾಡದ ಕಾಮಿಕ್ಸ್ ಹೀರೋ ಫ್ಯಾಂಟಮ್ ಮಾತು ಇಲ್ಲಿ ಆಗಾಗ ಬರುತ್ತದೆ, ಆದರೆ ಪ್ರತಿ ಸಲ ನಮ್ಮ ದೇಶದ ಚಿತ್ರಕಥೆ ಪುಸ್ತಕಮಾಲೆ ಇಂದ್ರಜಾಲ ಕಾಮಿಕ್ಸ್‌ನಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ನಮ್ಮ ಕಡೆಯವರು ಅವನನ್ನು ನೋಡಿದ್ದೇ ಅಲ್ಲಿ, ಸ್ಟೇಷನ್ ಪುಸ್ತಕದಂಗಡಿಯಲ್ಲಿ, ರದ್ದಿ ಅಂಗಡಿಯಲ್ಲಿ, ಓಣಿಯ ಬಾಡಿಗೆ ಲೈಬ್ರರಿಯಲ್ಲಿ. ಆದರೆ 1964ರ ಮಾರ್ಚ್‌ನಲ್ಲಿ ಇಂದ್ರಜಾಲದ ಮೊದಲ ಸಂಚಿಕೆ ಬಂದಾಗ ಫ್ಯಾಂಟಮ್‌ಗೆ ಆಗಲೇ 28 ವರ್ಷ ಆಗಿತ್ತು. ಅವನು ಹುಟ್ಟಿದ್ದು ದಿನಪತ್ರಿಕೆಯಲ್ಲಿ. ದಿನಕ್ಕೆ ಮೂರೋ ನಾಲ್ಕೋ ಚೌಕ, ಅದೂ ಕಪ್ಪು ಬಿಳುಪು.

ಮೊದಲ ಸ್ಟ್ರಿಪ್ ಬಂದದ್ದು 1936ರ ಫೆಬ್ರವರಿ 17ಕ್ಕೆ. ಬರೆದವರು ಲೀ ಫಾಕ್, ಪತ್ರಿಕೆಗಳಿಗೆ ಹಂಚಿದ್ದು ಕಿಂಗ್ ಫೀಚರ್ಸ್ ಸಿಂಡಿಕೇಟ್. ಫಾಕ್‌ಗೆ ಆಗ ಇನ್ನೂ 25 ತುಂಬಿರಲಿಲ್ಲ. ಅಷ್ಟರಲ್ಲೇ ಅವರ ಕೈಯಲ್ಲಿ ಇನ್ನೊಂದು ಗೆದ್ದ ಸ್ಟ್ರಿಪ್ ಇತ್ತು, 1934ರಲ್ಲಿ ಶುರುವಾದ, ಜಾದೂಗಾರನ ಕಥೆಯ ಮಾಂಡ್ರೇಕ್.

ಆ ಮೊದಲ ಕಥೆಯನ್ನು ದಿನದ ಕ್ರಮದಲ್ಲಿ ಓದಿದವರು ಎಷ್ಟು ಜನ ಇದ್ದೀರಿ? ಓದಿಲ್ಲದಿದ್ದರೆ ಓದಲೇಬೇಕು. ಶುರುವಿನಲ್ಲಿ ಕಾಡಿಲ್ಲ, ತಲೆಬುರುಡೆ ಗುಹೆ ಇಲ್ಲ, ನಾಲ್ಕು ನೂರು ವರ್ಷದ ವಂಶದ ಮಾತೂ ಇಲ್ಲ. ಇರೋದು ನ್ಯೂಯಾರ್ಕ್, ಮುಂದೆ ಫ್ಯಾಂಟಮ್‌ನ ಹೆಂಡತಿಯಾಗುವ ಡಯಾನಾ ಪಾಮರ್, ಮತ್ತೆ ಅವಳ ಹಿಂದೆ ಬಿದ್ದ ಜಿಮ್ಮಿ ವೆಲ್ಸ್ ಅನ್ನೋ ದುಡ್ಡಿದ್ದ ಹುಡುಗ. ಹಗಲು ಸೋಮಾರಿ ಹಾಗೆ ಕಾಣುವ ಈ ಜಿಮ್ಮಿಯೇ ರಾತ್ರಿ ಮುಖವಾಡ ಹಾಕುವ ಫ್ಯಾಂಟಮ್ ಅಂತ ತೋರಿಸೋದು ಫಾಕ್ ಅವರ ಮೊದಲ ಯೋಚನೆಯಾಗಿತ್ತು. ಕಥೆ ಪತ್ರಿಕೆಯಲ್ಲಿ ಬರ್ತಾ ಇರುವಾಗಲೇ ಅವರು ಮನಸ್ಸು ಬದಲಾಯಿಸಿದರು. ಫ್ಯಾಂಟಮ್ ಕಾಡಿಗೆ ಹೋದ. ಒಬ್ಬನಾದ ಮೇಲೆ ಒಬ್ಬ, ಅಪ್ಪನಾದ ಮೇಲೆ ಮಗ, ಹೀಗೆ 21ನೇಯವನು ಅನ್ನೋ ಕಥೆ ಹುಟ್ಟಿತು. ಜಿಮ್ಮಿಯ ಗುಟ್ಟು ಗುಟ್ಟಾಗದೆ ಉಳಿದುಹೋಯಿತು.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಫ್ಯಾಂಟಮ್‌ನನ್ನು ಯಾರೂ ಒಂದೇ ಸಲ ಕೂತು ಕಟ್ಟಲಿಲ್ಲ. ಪತ್ರಿಕೆ ಅಚ್ಚಾಗ್ತಾ ಅಚ್ಚಾಗ್ತಾ ಕಟ್ಟಿದರು. ಬರೆದವರು, ಬರೆದದ್ದಕ್ಕೆ ಚಿತ್ರ ಹಾಕಿದವರು, ಬಣ್ಣ ಹಚ್ಚಿದವರು, ಬೇರೆ ದೇಶದ ಸಂಪಾದಕರು, ಎಲ್ಲರ ಕೈಯೂ ಅದರಲ್ಲಿದೆ. ನಮ್ಮ ಕೈಗೆ ಬಂದ ಫ್ಯಾಂಟಮ್ ಈ ಎಲ್ಲ ಕೈ ದಾಟಿ ಬಂದವನು. ನಿಮಗೆ ಗೊತ್ತಿರೋದನ್ನು ಸೇರಿಸ್ತಾ ಹೋಗಿ.

ತೊಗರಿ_ನಾಡು (ಕಲಬುರಗಿ):

ಜಿಮ್ಮಿ ವೆಲ್ಸ್ ವಿಷಯ ನನಗೆ ಗೊತ್ತೇ ಇರಲಿಲ್ಲ ಅಣ್ಣಾ. ಹಾಗಾದರೆ 1536ರ ಹಡಗಿನ ಕಥೆ ಮೊದಲಿನಿಂದ ಇರಲಿಲ್ವಾ?

ಬ್ರಹ್ಮಪುರ_ಓದುಗ (ಕಲಬುರಗಿ):

ಆ ಮೊದಲ ಕಥೆಯ ನಡುವೆ ಬಂತು. 1536ರಲ್ಲಿ ಕಡಲ್ಗಳ್ಳರು ಹಡಗಿನ ಮೇಲೆ ಬೀಳುತ್ತಾರೆ, ಎಲ್ಲರೂ ಸಾಯುತ್ತಾರೆ, ಒಬ್ಬನೇ ಹುಡುಗ ದಡ ಸೇರುತ್ತಾನೆ. ಬಾಂದಾರ್ ಅನ್ನೋ ಕಾಡಿನ ಕುಳ್ಳ ಜನ ಅವನನ್ನು ಎತ್ತಿಕೊಂಡು ಹೋಗಿ ಆರೈಕೆ ಮಾಡುತ್ತಾರೆ. ಮುಂದೆ ಅವನು ತನ್ನ ತಂದೆಯನ್ನು ಕೊಂದವನ ತಲೆಬುರುಡೆ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ. ಕಡಲ್ಗಳ್ಳತನ, ದುರಾಸೆ, ಕ್ರೌರ್ಯ, ಅನ್ಯಾಯ, ಇವುಗಳನ್ನು ಮಟ್ಟ ಹಾಕಲು ನನ್ನ ಬದುಕು, ನನ್ನ ಮಕ್ಕಳು, ಅವರ ಮಕ್ಕಳೂ ಇದೇ ದಾರಿ ಹಿಡಿಯಬೇಕು ಅಂತ. ಸ್ಟ್ರಿಪ್ ಶುರುವಾದದ್ದು 1936, ಆಣೆಯ ಕಾಲ 1536. ಸರಿಯಾಗಿ 400 ವರ್ಷ. ಫಾಕ್ ಲೆಕ್ಕ ಹಾಕಿಯೇ ಇಟ್ಟಿದ್ದಾರೆ ಅನಿಸುತ್ತದೆ.

ಝೀರಾ_ರಸ್ತೆ (ಬೀದರ್):

ಆ ಲೆಕ್ಕದ ಮೇಲೆ ನಾನೊಂದು ಹೇಳ್ತೀನಿ. 400 ವರ್ಷದಲ್ಲಿ 20 ಜನ ಹೋಗಿ 21ನೇಯವನು ಬಂದಿದ್ದಾನೆ ಅಂದರೆ ಒಬ್ಬೊಬ್ಬರಿಗೆ ಸರಾಸರಿ 20 ವರ್ಷ. ಇದನ್ನು ಚಿಕ್ಕವನಿದ್ದಾಗ ಯೋಚನೆ ಮಾಡಿರಲಿಲ್ಲ. ಯಾರೂ ಮುದುಕರಾಗಿ ಸಾಯಲಿಲ್ಲ ಅಂತಾಯ್ತು. ಇಪ್ಪತ್ತೋ ಇಪ್ಪತ್ತೈದೋ ವಯಸ್ಸಿಗೆ ಬಟ್ಟೆ ತೊಟ್ಟವನು ನಲವತ್ತು ನಲವತ್ತೈದಕ್ಕೆ ಹೋಗಿಬಿಡುತ್ತಾನೆ, ಮಗ ಎಲ್ಲೋ ದೂರದಲ್ಲಿ ಓದ್ತಾ ಇರುವಾಗ ಸುದ್ದಿ ಬರುತ್ತದೆ, ಅವನು ಎಲ್ಲ ಬಿಟ್ಟು ವಾಪಸ್ ಬರಬೇಕು. ಕಾಡಿನ ಜನ ಇವನಿಗೆ ಸಾವಿಲ್ಲ ಅಂತಾರೆ. ಓದುಗನಿಗೆ ಮಾತ್ರ ಗೊತ್ತು, ಇವನ ಮನೆಯಲ್ಲಿ ಸಾವು ಬೇರೆ ಮನೆಗಿಂತ ಬೇಗ ಬರುತ್ತದೆ ಅಂತ. ಬೇರೆ ಹೀರೋಗಳಲ್ಲಿ ಈ ಭಾರ ನನಗೆ ಕಂಡಿಲ್ಲ.

ಇನ್ನೊಂದು, 1536 ಅಂದರೆ ನಮ್ಮ ಕಡೆ ಯಾವ ಕಾಲ ನೋಡಿ. ಬಹಮನಿ ರಾಜ್ಯ ಒಡೆದು ಬೀದರ್‌ನಲ್ಲಿ ಬರೀದ್ ಶಾಹಿಗಳು ಇದ್ದರು. ವಿಜಯನಗರದಲ್ಲಿ ಅಚ್ಯುತರಾಯ. ಗೋವಾ 1510ರಿಂದಲೇ ಪೋರ್ಚುಗೀಸರ ಕೈಯಲ್ಲಿತ್ತು. ಯುರೋಪಿನ ಹಡಗುಗಳು ಈ ಕಡಲಲ್ಲಿ ನಿಜಕ್ಕೂ ಓಡಾಡುತ್ತಿದ್ದ ಕಾಲ. ಹಾಗಾಗಿ ಹಡಗು, ದರೋಡೆ, ದಡ ಸೇರಿದ ಹುಡುಗ, ಇಷ್ಟೂ ಆ ಕಾಲಕ್ಕೆ ಹೊಂದುತ್ತದೆ.

ಸೇಡಂ_ಅಕ್ಕ:

ಝೀರಾ ರಸ್ತೆಯವರೇ, ಸರಾಸರಿ 20 ವರ್ಷದ ಮಾತು ಓದಿ ಮನಸ್ಸಿಗೆ ಒಂಥರಾ ಆಯ್ತು. ಅಷ್ಟು ಪುಸ್ತಕ ಓದಿದ್ದೀನಿ, ಹೀಗೆ ನೋಡಿರಲಿಲ್ಲ. ಗುಹೆಯಲ್ಲಿ ಸಾಲಾಗಿ ಸಮಾಧಿಗಳನ್ನು ತೋರಿಸ್ತಾರಲ್ಲ, ಅದನ್ನೀಗ ಮತ್ತೆ ತೆಗೆದು ನೋಡಬೇಕು.

ಅಚ್ಚುಮನೆ (ಕಲಬುರಗಿ):

ಬಣ್ಣದ ವಿಷಯಕ್ಕೆ ನಾನು ಬರ್ತೀನಿ, ಯಾಕಂದ್ರೆ ನನ್ನ ಕೆಲಸ ಪ್ರೆಸ್ಸಿನಲ್ಲಿ.

ದಿನದ ಸ್ಟ್ರಿಪ್ ಕಪ್ಪು ಬಿಳುಪು ಇದ್ದದ್ದರಿಂದ ಮೊದಲ ಮೂರು ವರ್ಷ ಬಟ್ಟೆಯ ಬಣ್ಣದ ಪ್ರಶ್ನೆ ಏಳಲೇ ಇಲ್ಲ. ಫಾಕ್ ಅವರ ತಲೆಯಲ್ಲಿ ಇದ್ದದ್ದು ಬೂದು ಬಣ್ಣ. ಹೆಸರೂ ಒಂದು ಹಂತದಲ್ಲಿ ಬೂದು ಭೂತ ಅನ್ನೋ ಅರ್ಥದಲ್ಲಿ ಇಡಬೇಕು ಅಂತ ಯೋಚಿಸಿದ್ದರು. 1939ರ ಮೇ 28ಕ್ಕೆ ಭಾನುವಾರದ ಬಣ್ಣದ ಪುಟ ಶುರುವಾಯಿತು, ಅಲ್ಲಿ ನೇರಳೆ ಅಚ್ಚಾಯಿತು. ಅದೇ ಗಟ್ಟಿಯಾಯಿತು. ಆಮೇಲೆ ಆ ನೇರಳೆಗೆ ಕಥೆಯಲ್ಲೇ ಒಂದು ಕಾರಣವನ್ನೂ ಕೂಡಿಸಿದರು.

ಪತ್ರಿಕೆ ಕಾಗದದ ಮೇಲೆ ಬೂದು ತರೋದು ಎಷ್ಟು ಕಷ್ಟ ಅಂತ ನಮ್ಮ ಕೆಲಸದವರಿಗೆ ಗೊತ್ತು. ಕಪ್ಪು ಮಸಿಯನ್ನು ಸಣ್ಣ ಸಣ್ಣ ಚುಕ್ಕೆಯಾಗಿ ಒಡೆದು ಬೂದು ತೋರಿಸಬೇಕು. ಆ ಕಾಗದ ಮಸಿ ಹೀರುತ್ತದೆ, ಚುಕ್ಕೆ ಹರಡುತ್ತದೆ, ಒಂದಕ್ಕೊಂದು ಅಂಟುತ್ತದೆ. ಬೂದು ಹೋಗಿ ಕೊಳೆ ಹಿಡಿದ ಹಾಗೆ ಕಾಣುತ್ತದೆ. ಅದರ ಮೇಲೆ ಮಾಂಸಖಂಡದ ಕಪ್ಪು ಗೆರೆ ಬೇರೆ ಕಾಣಬೇಕು. ನೀಲಿ, ಕೆಂಪು ಎರಡು ಮಸಿ ಸೇರಿಸಿದರೆ ಒಳ್ಳೆ ನೇರಳೆ ಬರುತ್ತದೆ, ಹಸಿರು ಕಾಡಿನ ನಡುವೆ ಎದ್ದು ಕಾಣುತ್ತದೆ. ಅಲ್ಲಿ ಯಾರು ಏನು ಯೋಚಿಸಿ ಹಾಕಿದರೋ, ಕೆಲಸದ ಕಣ್ಣಿನಿಂದ ನೋಡಿದರೆ ಒಳ್ಳೆ ಆಯ್ಕೆ.

ಬೇರೆ ದೇಶದಲ್ಲಿ ಬೇರೆ ಬೇರೆ ಬಣ್ಣ. ಇಟಲಿ, ಟರ್ಕಿ, ಬ್ರೆಜಿಲ್‌ನಲ್ಲಿ ಕೆಂಪು. ಸ್ವೀಡನ್ ಕಡೆ ನೀಲಿ. ಟರ್ಕಿಯಲ್ಲಂತೂ ಅವನ ಹೆಸರೇ ಕೆಂಪು ಮುಖವಾಡ. ನಮ್ಮ ಇಂದ್ರಜಾಲದಲ್ಲೂ ಮೊದಮೊದಲು ನೀಲಿ ಇತ್ತು, ಆಮೇಲೆ ನೇರಳೆ ಆಯ್ತು. ಹಳೇ ಸಂಚಿಕೆ ಇದ್ದವರು ತೆಗೆದು ನೋಡಿ.

ತೊಗರಿ_ನಾಡು (ಕಲಬುರಗಿ):

ಕಣ್ಣು ಯಾಕೆ ಬರೀ ಬಿಳಿ ಇರುತ್ತದೆ? ಗುಡ್ಡೆ ಹಾಕೋದೇ ಇಲ್ಲ.

ಅಚ್ಚುಮನೆ (ಕಲಬುರಗಿ):

ಗ್ರೀಕ್ ಶಿಲೆಗಳ ಮುಖ ನೋಡಿ ಬಂದ ಯೋಚನೆ ಅಂತ ಫಾಕ್ ಅವರೇ ಹೇಳಿದ್ದಾರೆ. ಆ ಶಿಲೆಗಳಲ್ಲಿ ಕಣ್ಣುಗುಡ್ಡೆ ಕಾಣಲ್ಲ, ಅದರಿಂದ ಮನುಷ್ಯರ ಮೇಲಿನ ಯಾರೋ ನೋಡ್ತಿದ್ದಾರೆ ಅನ್ನೋ ಭಾವ ಬರುತ್ತದೆ. ಮೈಗೆ ಅಂಟಿದ ಬಟ್ಟೆ, ಮುಖವಾಡ, ಗುಡ್ಡೆ ಇಲ್ಲದ ಕಣ್ಣು, ಈ ಮೂರೂ ಒಟ್ಟಿಗೆ ಪತ್ರಿಕೆಯಲ್ಲಿ ಬಂದದ್ದು ಇವನ ಜೊತೆಗೆ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಬ್ಯಾಟ್‌ಮ್ಯಾನ್‌ನ ಬಿಳಿ ಕಣ್ಣು ನೋಡಿದಾಗೆಲ್ಲ ನನಗೆ ಫ್ಯಾಂಟಮ್ ನೆನಪಾಗುತ್ತಾನೆ.

ಭೀಮಾ_ತೀರ (ಅಫಜಲಪುರ):

ಚಿತ್ರಕಾರರ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ಮುಖ್ಯ.

ರೇ ಮೂರ್ ಮೊದಲ ಚಿತ್ರಕಾರ. ಅದಕ್ಕೂ ಮೊದಲು ಅವರು ಮಾಂಡ್ರೇಕ್ ಬಿಡಿಸುತ್ತಿದ್ದ ಫಿಲ್ ಡೇವಿಸ್‌ಗೆ ಸಹಾಯಕರಾಗಿದ್ದರು. ಮೂರ್ ಚಿತ್ರಗಳಲ್ಲಿ ಕತ್ತಲು ಜಾಸ್ತಿ. ಅರ್ಧ ಚೌಕ ಕಪ್ಪು ಬಳಿದಿರುತ್ತಾರೆ, ಅದರೊಳಗಿಂದ ಫ್ಯಾಂಟಮ್ ತೆಳ್ಳಗೆ, ಸ್ವಲ್ಪ ಬಾಗಿ ಬರುತ್ತಾನೆ. ನೋಡಿದರೆ ಒಳ್ಳೆಯವನೋ ಕೆಟ್ಟವನೋ ಅಂತ ಒಂದು ಕ್ಷಣ ಅನುಮಾನ ಬರಬೇಕು, ಹಾಗಿರುತ್ತದೆ. 1942ರಲ್ಲಿ ಮೂರ್ ಸೈನ್ಯಕ್ಕೆ ಹೋದರು, ಅವರ ಸಹಾಯಕ ವಿಲ್ಸನ್ ಮೆಕಾಯ್ ಕೈಗೆ ಕೆಲಸ ಬಂತು. ಮೆಕಾಯ್ ಗೆರೆ ಸರಳ, ಮುಖಗಳು ಸ್ವಲ್ಪ ಬೊಂಬೆ ಹಾಗೆ. ಕೆಲವರಿಗೆ ಹಿಡಿಸಲ್ಲ. ನನಗೆ ಇಷ್ಟ, ಯಾಕಂದರೆ ಕಥೆ ಎಲ್ಲೂ ತಡವರಿಸಲ್ಲ, ಒಂದು ಸಲ ಕಣ್ಣು ಹಾಯಿಸಿದರೆ ಯಾರು ಎಲ್ಲಿ ನಿಂತಿದ್ದಾರೆ ಅಂತ ತಿಳಿಯುತ್ತದೆ. 1961ರಲ್ಲಿ ಅವರು ತೀರಿಕೊಂಡರು.

ಆಮೇಲೆ ಸೈ ಬ್ಯಾರಿ. 1961ರಿಂದ 1994ರವರೆಗೆ, ಮೂವತ್ತು ವರ್ಷಕ್ಕೂ ಜಾಸ್ತಿ. ನಾವು ಫ್ಯಾಂಟಮ್ ಅಂದ ಕೂಡಲೇ ಕಣ್ಣಿಗೆ ಬರುವ ಆ ಅಗಲ ಎದೆ, ಗಟ್ಟಿ ದವಡೆ, ಅವನ ತೋಳ ಡೆವಿಲ್‌ನ ಕೂದಲಿನ ಒಂದೊಂದು ಎಳೆ, ಹೀರೋ ಅನ್ನೋ ಅವನ ಕುದುರೆ ಕಾಡಿನಲ್ಲಿ ಓಡುವಾಗ ಮರದ ನೆರಳು ಅದರ ಬೆನ್ನ ಮೇಲೆ ಬೀಳೋದು, ಎಲ್ಲ ಬ್ಯಾರಿಯವರದು. ಇಂದ್ರಜಾಲ ನಮ್ಮಲ್ಲಿ ಬೆಳೆದ ಕಾಲವೂ ಬ್ಯಾರಿಯವರ ಕಾಲವೂ ಒಂದೇ. ಹಾಗಾಗಿ ನಮ್ಮವರು ಮೂರ್ ಚಿತ್ರ ನೋಡಿದರೆ ಇದು ಫ್ಯಾಂಟಮ್ ಅಲ್ಲ ಅಂತಾರೆ. ಅದು ಮೂರ್‌ಗೆ ಅನ್ಯಾಯ. ಆ ಕತ್ತಲು ಇಲ್ಲದೇ ಹೋಗಿದ್ದರೆ ನಡೆದಾಡುವ ಭೂತ ಅನ್ನೋ ಅವನ ಇನ್ನೊಂದು ಹೆಸರನ್ನು ಯಾರೂ ನಂಬುತ್ತಿರಲಿಲ್ಲ.

ಬರೆಯೋ ಕೈ ಮಾತ್ರ ಬದಲಾಗಲಿಲ್ಲ. 1936ರಿಂದ 1999ರ ಮಾರ್ಚ್‌ನಲ್ಲಿ ಸಾಯೋವರೆಗೂ ಲೀ ಫಾಕ್ ಬರೆದರು. 63 ವರ್ಷ! ಅಷ್ಟು ವರ್ಷ ಒಂದೇ ಪಾತ್ರಕ್ಕೆ ದಿನಾ ಮಾತು ಕೊಟ್ಟವರು ಇನ್ನೆಷ್ಟು ಜನ ಸಿಗ್ತಾರೆ ಹೇಳಿ.

ಶಹಾಪುರ_ಮಾಸ್ತರ್ (ಯಾದಗಿರಿ):

ಎಲ್ಲರ ಬರಹ ಓದಿದೆ, ಖುಷಿಯಾಯಿತು. ಆದರೆ ಒಂದು ಮಾತು ಆಡಲೇಬೇಕು. ನಾನೂ ಇವನನ್ನು ಓದಿಯೇ ಬೆಳೆದವನು, ಅದಕ್ಕೇ ಹೇಳ್ತೀನಿ.

ಒಬ್ಬ ಬಿಳಿಯ ಬಂದು ಕಾಡಿನ ಸಿಂಹಾಸನದ ಮೇಲೆ ಕೂತು ನಾಲ್ಕು ನೂರು ವರ್ಷ ಕರಿಯರ ಜಗಳ ಬಗೆಹರಿಸುತ್ತಾನೆ. ಅವರು ಅವನ ಮಾತು ಕೇಳುತ್ತಾರೆ, ಅವನಿಗೆ ಹೆದರುತ್ತಾರೆ. 1936ರಲ್ಲಿ ಅರ್ಧ ಜಗತ್ತು ಯುರೋಪಿನವರ ಕೈಯಲ್ಲಿತ್ತು. ನಮ್ಮದೇ ದೇಶ ಬ್ರಿಟಿಷರ ಕೆಳಗೆ, ಈ ಭಾಗ ನಿಜಾಮರ ಕೆಳಗೆ. ಆ ಕಾಲದ ಗಾಳಿ ಕಥೆಯಲ್ಲಿ ಇಲ್ಲ ಅನ್ನೋಕಾಗಲ್ಲ. ಹಳೇ ಚಿತ್ರಗಳಲ್ಲಿ ಬಾಂದಾರ್ ಮುಖಂಡ ಗುರಾನ್‌ನನ್ನು ಬಿಡಿಸಿದ ರೀತಿ ನೋಡಿ, ಮಗುವಿಗೆ ತೋರಿಸೋಕೆ ನನಗೆ ಮನಸ್ಸಾಗಲ್ಲ.

ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ಇತಿಹಾಸ ಆಗಲ್ಲ, ಅಲ್ವಾ?

ಬ್ರಹ್ಮಪುರ_ಓದುಗ (ಕಲಬುರಗಿ):

ಮಾಸ್ತರೇ, ನೀವು ಹೇಳಿದ್ದು ಖಂಡಿತ ನಿಜ. ಅದರ ಜೊತೆಗೆ ಇನ್ನೊಂದನ್ನೂ ಇಡ್ತೀನಿ, ಯಾಕಂದರೆ ಅದೂ ಇತಿಹಾಸವೇ.

ಆಫ್ರಿಕಾದ ದೇಶಗಳು 1950, 60ರ ದಶಕದಲ್ಲಿ ಒಂದೊಂದಾಗಿ ಸ್ವತಂತ್ರವಾದವು. ಸ್ಟ್ರಿಪ್ ಕೂಡ ಅದರ ಜೊತೆ ಬದಲಾಯಿತು. ಕಾಡಿನ ಆ ದೇಶಕ್ಕೆ ಆರಿಸಿ ಬಂದ ಅಧ್ಯಕ್ಷ ಬಂದ, ಡಾಕ್ಟರ್ ಲಾಮಾಂಡಾ ಲುವಾಗಾ. ಕರಿಯ, ಓದಿದವನು, ವೃತ್ತಿಯಲ್ಲಿ ವೈದ್ಯ. ಅವನನ್ನು ಹಾಸ್ಯಕ್ಕೆ ಇಡಲಿಲ್ಲ, ಗೌರವದಿಂದ ಬರೆದರು. ಕಾಡಿನ ಗಸ್ತು ಪಡೆಯ ಮುಖ್ಯಸ್ಥ ಮೊದಲು ಕರ್ನಲ್ ವೀಕ್ಸ್ ಅನ್ನೋ ಬಿಳಿಯ, ಆಮೇಲೆ ಆ ಜಾಗಕ್ಕೆ ಕರ್ನಲ್ ವೊರೂಬು ಬಂದ. ಬ್ಯಾರಿ ಬಂದ ಮೇಲೆ ಗುರಾನ್ ಮುಖವೂ ಮನುಷ್ಯನ ಮುಖವಾಯಿತು.

ಇಷ್ಟರಿಂದ ಹಳೇದು ಅಳಿಸಿಹೋಗಲ್ಲ, ಅದು ನನಗೂ ಗೊತ್ತು. ಆದರೆ ಒಬ್ಬನೇ ಬರಹಗಾರ 25ರ ವಯಸ್ಸಿನಲ್ಲಿ ಬರೆದದ್ದನ್ನು 50 ದಾಟಿದ ಮೇಲೆ ತಿದ್ದಿಕೊಂಡು ಹೋಗೋದು ಕಣ್ಣಿಗೆ ಕಾಣುವ ಹಾಗಿದೆ. ಪುಸ್ತಕವಾಗಿದ್ದರೆ 1936ರ ಫ್ಯಾಂಟಮ್ 1936ರಲ್ಲೇ ನಿಂತುಬಿಡುತ್ತಿದ್ದ. ದಿನಾ ಬರುವ ಸ್ಟ್ರಿಪ್ ಆದ್ದರಿಂದ ಅವನು ಕಾಲದ ಜೊತೆ ನಡೆಯಲೇಬೇಕಾಯಿತು.

ಶಹಾಪುರ_ಮಾಸ್ತರ್ (ಯಾದಗಿರಿ):

ಒಪ್ಪಿದೆ. ಲುವಾಗಾ ಕಥೆಗಳನ್ನು ಮಕ್ಕಳಿಗೆ ಕೊಡಬಹುದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾಲ್ಕು ನೂರು ವರ್ಷ ಆ ಗುಟ್ಟು ಕಾಪಾಡಿದವರು ಬಾಂದಾರ್ ಜನ. ಫ್ಯಾಂಟಮ್ ಸಾಯುತ್ತಾನೆ ಅಂತ ಗೊತ್ತಿರೋದು ಅವರಿಗೆ ಮಾತ್ರ. ಹಳಬನನ್ನು ಮಣ್ಣು ಮಾಡೋದು, ಹೊಸಬ ಬರುವ ತನಕ ಬಾಯಿ ಬಿಡದೆ ಇರೋದು ಅವರೇ. ಅವರೊಬ್ಬರು ಬಾಯಿ ಬಿಟ್ಟಿದ್ದರೆ ಈ ವಂಶದ ಕಥೆ ಎಂದೋ ಮುಗಿಯುತ್ತಿತ್ತು. ನನ್ನ ಲೆಕ್ಕದಲ್ಲಿ ಈ ಕಥೆಯ ದೊಡ್ಡ ಜನ ಅವರು. ಅವರ ಕಣ್ಣಿನಿಂದ ಇಡೀ ಕಥೆಯನ್ನು ಯಾರಾದರೂ ಬರೆಯಬೇಕು.

ಸೇಡಂ_ಅಕ್ಕ:

ಮಾಸ್ತರ್ ಮಾತಿಗೆ ನನ್ನದೂ ಒಂದು ಸೇರಿಸ್ತೀನಿ, ಹೆಣ್ಣುಮಕ್ಕಳ ಕಡೆಯಿಂದ.

ಡಯಾನಾಳನ್ನು ಬರೀ ಕಾಪಾಡಿಸಿಕೊಳ್ಳುವ ಹುಡುಗಿ ಅಂತ ಹೇಳೋರಿದ್ದಾರೆ. ಹಳೇ ಸ್ಟ್ರಿಪ್ ಓದದೆ ಹೇಳೋ ಮಾತು ಅದು. 1936ರ ಮೊದಲ ದಿನಗಳಲ್ಲೇ ಅವಳು ಲೋಕ ಸುತ್ತಿ ಬಂದ ಸಾಹಸಿ. ಈಜು, ವಿಮಾನ, ಎಲ್ಲ ಬಲ್ಲವಳು. ಮುಂದೆ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ, ಮದುವೆಯಾದ ಮೇಲೂ ಬಿಡಲ್ಲ. ನಾನು ಓದುವ ಕಾಲಕ್ಕೆ ನಮ್ಮ ಮನೆಗಳಲ್ಲಿ ಮದುವೆಯಾದ ಮೇಲೆ ನೌಕರಿ ಅನ್ನೋದೇ ದೊಡ್ಡ ವಾದವಾಗಿತ್ತು. ಗುಹೆಯಲ್ಲಿ ಸಂಸಾರ ಮಾಡ್ತಾ ನ್ಯೂಯಾರ್ಕ್ ಕಚೇರಿಗೂ ಹೆಸರಿಟ್ಟುಕೊಂಡ ಹೆಂಗಸನ್ನು ಓದಿದ್ದು ನನಗೆ ಬಹಳ ದೊಡ್ಡದು.

41 ವರ್ಷ ಕಾಯಿಸಿದರು ಆ ಮದುವೆಗೆ! 1936ರಲ್ಲಿ ಭೇಟಿ, 1977ರಲ್ಲಿ ಮದುವೆ. 1979ರಲ್ಲಿ ಅವಳಿ ಮಕ್ಕಳು, ಕಿಟ್ ಮತ್ತು ಹೆಲೋಯಿಸ್. ಒಂದು ಗಂಡು ಒಂದು ಹೆಣ್ಣು ಕೊಟ್ಟದ್ದರಲ್ಲೇ ಒಂದು ಪ್ರಶ್ನೆ ಇಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ. 22ನೇ ಫ್ಯಾಂಟಮ್ ಮಗನೇ ಆಗಬೇಕಾ? ಹಿಂದೆ ಹೆಣ್ಣು ಆ ಬಟ್ಟೆ ತೊಟ್ಟದ್ದುಂಟು. 17ನೇ ಫ್ಯಾಂಟಮ್ ಏಳಲಾಗದೆ ಮಲಗಿದ್ದಾಗ ಅವನ ಒಡಹುಟ್ಟಿದ ಜೂಲಿ ಆ ಕೆಲಸ ಮಾಡಿದಳು. ಕುದುರೆ, ಮುಖವಾಡ, ಉಂಗುರ, ಎಲ್ಲ. ಆ ಕಥೆಯನ್ನು ನಮ್ಮ ಅಕ್ಕ ತಂಗಿಯರೆಲ್ಲ ಸರದಿ ಮೇಲೆ ಓದಿ ಹರಿದೇಬಿಟ್ಟಿದ್ದೆವು.

ತೊಗರಿ_ನಾಡು (ಕಲಬುರಗಿ):

ಜೂಲಿ ಕಥೆ ನನಗೂ ಬೇಕು ಅಕ್ಕಾ. ಯಾರ ಹತ್ತಿರ ಇದೆ ಹೇಳಿ, ಬಂದು ಕೂತು ಓದಿ ಹೋಗ್ತೀನಿ.

ಇನ್ನು ನನ್ನ ಹಳೇ ಅನುಮಾನ. ಇಂದ್ರಜಾಲದಲ್ಲಿ ಡೆಂಕಾಲಿ, ಇಂಗ್ಲಿಷ್ ಪತ್ರಿಕೆ ಸ್ಟ್ರಿಪ್‌ನಲ್ಲಿ ಬಂಗಲ್ಲಾ. ಕಾಡಿನಲ್ಲಿ ಹುಲಿಯೂ ಇದೆ ಸಿಂಹವೂ ಇದೆ. ಆ ದೇಶ ಎಲ್ಲಿದೆ?

ಝೀರಾ_ರಸ್ತೆ (ಬೀದರ್):

ಹುಲಿ ಇರೋದಕ್ಕೆ ಕಾರಣ, ಮೊದಲು ಆ ದೇಶ ಏಷ್ಯಾದಲ್ಲಿತ್ತು. ಭಾರತದ ಆಸುಪಾಸು, ಬಂಗಾಳದ ಕಡೆ ಅನಿಸುವ ಹಾಗೆ ಬರೆದಿದ್ದರು. ಹೆಸರಿನಲ್ಲೇ ಆ ವಾಸನೆ ಇದೆ. ಕಡಲ್ಗಳ್ಳರ ಕೂಟಕ್ಕೆ ಸಿಂಗ್ ಅಂತಲೇ ಹೆಸರಿತ್ತು. ವರ್ಷ ಕಳೆದ ಹಾಗೆ ದೇಶ ನಿಧಾನಕ್ಕೆ ಆಫ್ರಿಕಾಕ್ಕೆ ಸರಿಯಿತು. ಹುಲಿಗಳು ಮಾತ್ರ ಹಾಗೇ ಉಳಿದವು. ಫ್ಯಾಂಟಮ್‌ನ ಈಡನ್ ದ್ವೀಪದಲ್ಲಿ ಹುಲಿ, ಸಿಂಹ, ಜಿಂಕೆ ಎಲ್ಲ ಒಟ್ಟಿಗೆ ಇರ್ತಾವಲ್ಲ, ಬೇಟೆಗಾರ ಪ್ರಾಣಿಗಳಿಗೆ ಅವನು ಮೀನು ತಿನ್ನೋದು ಕಲಿಸಿರ್ತಾನೆ.

ಇಂದ್ರಜಾಲದವರು ಇಲ್ಲಿ ಎರಡು ಬದಲಾವಣೆ ಮಾಡಿದರು. ಬಂಗಲ್ಲಾ ಹೋಗಿ ಡೆಂಕಾಲಿ ಆಯ್ತು. ಸಿಂಗ್ ಕಡಲ್ಗಳ್ಳರು ಸಿಂಗಾ ಕಡಲ್ಗಳ್ಳರಾದರು. ಕಾರಣ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದರ್‌ನಲ್ಲಿ ಗುರುನಾನಕ್ ಝೀರಾ ಸಾಹಿಬ್ ಇದೆ. ಗುರು ಗೋವಿಂದ ಸಿಂಗರ ಮೊದಲ ಐವರು ಪಂಜ್ ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರ್‌ನವರು. ನನ್ನ ಜೊತೆ ಶಾಲೆಯಲ್ಲಿ ಬೆಂಚು ಹಂಚಿಕೊಂಡ ಹುಡುಗರ ಹೆಸರಲ್ಲಿ ಸಿಂಗ್ ಇತ್ತು. ಅವರೂ ನಾನೂ ಒಂದೇ ಪುಸ್ತಕ ತಲೆಗೆ ತಲೆ ತಾಗಿಸಿ ಓದ್ತಿದ್ದೆವು. ಪುಟ ತಿರುಗಿಸಿದರೆ ನಾಲ್ಕು ನೂರು ವರ್ಷದಿಂದ ಕೊಲೆ ದರೋಡೆ ಮಾಡ್ತಿರುವ ಸಿಂಗ್ ಕೂಟ ಅಂತ ಇದ್ದಿದ್ದರೆ ಆ ಹುಡುಗರಿಗೆ ಹೇಗಾಗ್ತಿತ್ತು? ಒಂದು ಅಕ್ಷರ ಬದಲಿಸಿದ ಆ ಸಂಪಾದಕರಿಗೆ ನಾನು ಕೈ ಮುಗಿಯುತ್ತೇನೆ. ಮೂಲಕ್ಕೆ ಕೈ ಹಾಕಬಾರದು ಅನ್ನೋರ ಜೊತೆ ಈ ಒಂದು ವಿಷಯದಲ್ಲಿ ನಾನು ಜಗಳಕ್ಕೆ ನಿಲ್ಲುತ್ತೇನೆ.

ಭೀಮಾ_ತೀರ (ಅಫಜಲಪುರ):

ಆ ಬದಲಾವಣೆ ಸರಿ. ಆದರೆ ಇಂದ್ರಜಾಲದವರು ಚೌಕಗಳನ್ನೂ ಕತ್ತರಿಸ್ತಿದ್ದರು, ಅದು ನನಗೆ ಇವತ್ತಿಗೂ ನೋವು.

ಅಚ್ಚುಮನೆ (ಕಲಬುರಗಿ):

ಅದು ಕೆಲಸದ ಕಷ್ಟ ಅಣ್ಣಾ, ಸ್ವಲ್ಪ ಅವರ ಕಡೆಯಿಂದಲೂ ನೋಡಿ.

ಪತ್ರಿಕೆ ಸ್ಟ್ರಿಪ್‌ಗೆ ಒಂದು ನಡೆ ಇರುತ್ತದೆ. ನಿನ್ನೆ ಓದದವನಿಗಾಗಿ ಮೊದಲ ಚೌಕದಲ್ಲಿ ನಿನ್ನೆಯದು ಸ್ವಲ್ಪ ಹೇಳಬೇಕು. ನಡುವೆ ಕಥೆ ಒಂದು ಹೆಜ್ಜೆ ಮುಂದೆ ಹೋಗಬೇಕು. ಕೊನೆ ಚೌಕದಲ್ಲಿ ನಾಳೆ ಪತ್ರಿಕೆ ತೆಗೆಯೋ ಹಾಗೆ ಮಾಡಬೇಕು. ವಾರಕ್ಕೆ ಆರು ದಿನ ಇದೇ, ಭಾನುವಾರದ ಬಣ್ಣದ ಪುಟದಲ್ಲಿ ಬೇರೆಯೇ ಕಥೆ. ತಿಂಗಳುಗಟ್ಟಲೆ ಬಂದ ಇಂಥ ಕಥೆಯನ್ನು ಹಾಗೇ ಪುಸ್ತಕಕ್ಕೆ ಇಳಿಸಿದರೆ ಪ್ರತಿ ನಾಲ್ಕನೇ ಚೌಕ ಹೇಳಿದ್ದನ್ನೇ ಹೇಳುತ್ತದೆ. ಪುಟಗಳ ಸಂಖ್ಯೆಯೂ ಗೊತ್ತುಪಡಿಸಿದ್ದು. ಕತ್ತರಿ ಆಡಿಸಲೇಬೇಕು. ಅಡ್ಡಕ್ಕೆ ಉದ್ದ ಇದ್ದ ಚೌಕ ಪುಟದ ಅಳತೆಗೆ ಬರಬೇಕು ಅಂದರೆ ಅಂಚು ಹೋಗುತ್ತದೆ, ಇಲ್ಲಾ ಮೇಲೆ ಕೆಳಗೆ ಆಕಾಶ ನೆಲ ಸೇರಿಸಿ ಬಿಡಿಸಬೇಕಾಗುತ್ತದೆ.

ನಮ್ಮ ಭಾಷೆಗೆ ಬಂದಾಗ ಇನ್ನೂ ಒಂದು ತೊಂದರೆ. ಮಾತಿನ ಗುಳ್ಳೆ ಇಂಗ್ಲಿಷ್ ಅಕ್ಷರದ ಅಳತೆಗೆ ಬಿಡಿಸಿರ್ತಾರೆ. ಎಲ್ಲ ದೊಡ್ಡಕ್ಷರ, ಸಾಲು ಸಾಲಿಗೆ ಅಂಟಿ ಕೂರುತ್ತವೆ. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಅದೇ ಜಾಗದಲ್ಲಿ ಇಂಗ್ಲಿಷ್‌ನ ಐದು ಸಾಲು ಹಿಡಿದರೆ ಕನ್ನಡದ ಮೂರೇ ಸಾಲು ಹಿಡಿಯುತ್ತವೆ. ಕೈಯಲ್ಲಿ ಬರೆದು ಕೂರಿಸಿದವರ ಕೆಲಸ ನೋಡಿದರೆ ನನಗೆ ಗೌರವ ಬರುತ್ತದೆ. ಒಂದೇ ಒಂದು ಒತ್ತಕ್ಷರ ಗುಳ್ಳೆ ಗೆರೆಗೆ ತಾಗದ ಹಾಗೆ ಬರೆದಿರ್ತಾರೆ.

ಭೀಮಾ_ತೀರ (ಅಫಜಲಪುರ):

ಇಷ್ಟೆಲ್ಲ ಯೋಚನೆ ಮಾಡಿರಲಿಲ್ಲ. ಸರಿ, ಆದರೂ ಮೂಲದ ಪೂರ್ತಿ ಸ್ಟ್ರಿಪ್‌ಗಳನ್ನು ಪಕ್ಕದಲ್ಲಿಟ್ಟು ಓದಿ ಅಂತ ಎಲ್ಲರಿಗೂ ಹೇಳ್ತೀನಿ.

ಸೇಡಂ_ಅಕ್ಕ:

ನಮ್ಮ ತಂದೆ ಕಾಲದವರು ಅವನನ್ನು ವೇತಾಳ ಅಂತಲೇ ಕರೀತಿದ್ದರು. ಈ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಇಲ್ಲಾ ಮರಾಠಿ, ಹಾಗೆ ಓದಿದವರು ಜಾಸ್ತಿ. ಅವರ ಕೈಗೆ ಸಿಕ್ಕದ್ದು ಹಿಂದಿ, ಮರಾಠಿ ಇಂದ್ರಜಾಲ. ಅಲ್ಲಿ ಅವನ ಹೆಸರು ವೇತಾಳ. ಬಂಗಾಳಿಯವರಿಗೆ ಅವನು ಅರಣ್ಯದೇವ. ಕನ್ನಡದ್ದು ಬಂದ ಮೇಲೆ ನಾವು ಚಿಕ್ಕವರು ಫ್ಯಾಂಟಮ್ ಅನ್ನೋಕೆ ಶುರು ಮಾಡಿದೆವು. ಒಂದೇ ಮನೆಯಲ್ಲಿ ಅಪ್ಪನಿಗೆ ಒಬ್ಬ, ಮಗಳಿಗೆ ಒಬ್ಬ.

ಬ್ರಹ್ಮಪುರ_ಓದುಗ (ಕಲಬುರಗಿ):

ನೀವು ಹೇಳಿದ್ದಕ್ಕೆ ಬಹಳ ಖುಷಿ ಅಕ್ಕಾ, ಇದು ಎಲ್ಲೂ ಬರೆದಿಟ್ಟಿರದ ಇತಿಹಾಸ. ಮನೆಯಲ್ಲಿ ಹಿರಿಯರಿದ್ದವರು ದಯವಿಟ್ಟು ಕೇಳಿ, ಯಾವ ಭಾಷೆಯಲ್ಲಿ ಓದಿದ್ರು, ಎಲ್ಲಿಂದ ತಂದ್ರು, ಬರೆದು ಹಾಕಿ. ಈಗ ಕೇಳದಿದ್ದರೆ ಆಮೇಲೆ ಸಿಗಲ್ಲ.

ಹೊರಗಿನ ದೇಶಗಳಲ್ಲೂ ಹೀಗೇ ಆಗಿದೆ. ಆಸ್ಟ್ರೇಲಿಯಾದಲ್ಲಿ 1948ರಿಂದ, ಸ್ವೀಡನ್‌ನಲ್ಲಿ 1950ರಿಂದ ಅವನ ಹೆಸರಿನ ಪತ್ರಿಕೆ ನಡೆದಿದೆ. ಅಮೆರಿಕದವರಿಗಿಂತ ಆ ಎರಡು ದೇಶದವರು ಅವನನ್ನು ಜಾಸ್ತಿ ತಮ್ಮವನು ಅಂದುಕೊಂಡಿದ್ದಾರೆ. ಸ್ವೀಡನ್‌ನವರು ತಮ್ಮದೇ ಹೊಸ ಕಥೆಗಳನ್ನೂ ಬರೆಸಿದರು. ಪಪುವಾ ನ್ಯೂಗಿನಿಯಲ್ಲಿ ಅಲ್ಲಿನ ಆಡುಮಾತಿನ ಪತ್ರಿಕೆಯಲ್ಲಿ ಫ್ಯಾಂಟಮ್ ಬರ್ತಿದ್ದ. ಅಲ್ಲಿನ ಬೆಟ್ಟದ ಜನ ಯುದ್ಧದ ಗುರಾಣಿಗಳ ಮೇಲೆ ಅವನ ಚಿತ್ರ ಬರೆದುಕೊಂಡರು. ಆ ಗುರಾಣಿಗಳು ಈಗ ಮ್ಯೂಸಿಯಂಗಳಲ್ಲಿವೆ. ಮಾಸ್ತರ್ ಕೇಳಿದ ಪ್ರಶ್ನೆ ಇಲ್ಲಿ ಮತ್ತೊಂದು ಮಗ್ಗುಲಿಗೆ ತಿರುಗುತ್ತದೆ. ಕಾಡಿನ ಜನರನ್ನು ಆಳುವವನು ಅಂತ ಬರೆದ ಪಾತ್ರವನ್ನು ಆ ಜನರೇ ಎತ್ತಿಕೊಂಡು ತಮ್ಮ ಕಾವಲಿಗೆ ಇಟ್ಟುಕೊಂಡರು.

ಶಹಾಪುರ_ಮಾಸ್ತರ್ (ಯಾದಗಿರಿ):

ಗುರಾಣಿ ವಿಷಯ ಹೊಸದು. ಇದನ್ನು ತರಗತಿಯಲ್ಲಿ ಹೇಳ್ತೀನಿ.

ತೊಗರಿ_ನಾಡು (ಕಲಬುರಗಿ):

ಸಂಗ್ರಹ ಮಾಡೋರಿಗೆ ಒಂದು ಪ್ರಶ್ನೆ. ನನ್ನ ಹತ್ತಿರ ಇರೋ ಸಂಚಿಕೆಗಳ ಕಾಗದ ಮುಟ್ಟಿದರೆ ಪುಡಿಯಾಗ್ತಿದೆ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. ಲ್ಯಾಮಿನೇಷನ್ ಮಾಡಿಸಲಾ?

ಅಚ್ಚುಮನೆ (ಕಲಬುರಗಿ):

ದಯವಿಟ್ಟು ಲ್ಯಾಮಿನೇಷನ್ ಬೇಡ. ಬಿಸಿ ಅಂಟು ಒಮ್ಮೆ ಕೂತರೆ ಮತ್ತೆ ಬಿಡಿಸೋಕೆ ಬರಲ್ಲ. ಈ ಅಗ್ಗದ ಕಾಗದದಲ್ಲಿ ಮರದ ತಿರುಳಿನ ಆಮ್ಲ ಉಳಿದಿರುತ್ತದೆ. ಬಿಸಿಲು, ಸೆಕೆ ತಾಗಿದಷ್ಟೂ ಹಳದಿಯಾಗಿ ಮುರಿಯುತ್ತದೆ. ಬಿಸಿಲು ಬೀಳದ, ಮಾಳಿಗೆಯ ಕೆಳಗಲ್ಲದ ಕೋಣೆಯಲ್ಲಿ ಇಡಿ. ನಿಲ್ಲಿಸಬೇಡಿ, ಮಲಗಿಸಿ. ಹೊಲಿಗೆಯ ಪಿನ್ನು ತುಕ್ಕು ಹಿಡಿದಿದ್ದರೆ ನಿಧಾನಕ್ಕೆ ತೆಗೆದು ಹತ್ತಿ ದಾರ ಹಾಕಿ. ನುಸಿಗುಳಿಗೆ ಕಾಗದಕ್ಕೆ ತಾಗದ ಹಾಗೆ ಇಡಿ. ಎಲ್ಲಕ್ಕಿಂತ ಮೊದಲು ಫೋಟೋ ತೆಗೆದು ಇಟ್ಟುಕೊಳ್ಳಿ.

ಸೇಡಂ_ಅಕ್ಕ:

ನನಗೂ ಒಂದು ಸಲಹೆ ಬೇಕು. ಒಬ್ಬ ವ್ಯಾಪಾರಿ ಇಂದ್ರಜಾಲದ ಪೂರ್ತಿ ಸೆಟ್ ಇದೆ, 1ರಿಂದ 805ರವರೆಗೆ ಒಂದೂ ಬಿಟ್ಟಿಲ್ಲ ಅಂತಿದ್ದಾರೆ. ಮುಂಗಡ ಕೇಳ್ತಿದ್ದಾರೆ. ಕೊಡಬಹುದಾ?

ಬ್ರಹ್ಮಪುರ_ಓದುಗ (ಕಲಬುರಗಿ):

ಕೊಡಬೇಡಿ ಅಕ್ಕಾ, ಮೊದಲು ಒಂದು ಕೆಲಸ ಮಾಡಿ. 123 ಮತ್ತು 124ನೇ ಸಂಚಿಕೆಯ ಮುಖಪುಟದ ಫೋಟೋ ಕೇಳಿ. ಆ ಎರಡು ಸಂಚಿಕೆ ಅಚ್ಚಾಗಲೇ ಇಲ್ಲ, ಆಗ ಪ್ರಕಾಶಕರ ಕಡೆ ಮುಷ್ಕರ ನಡೀತಿತ್ತು. 1990ರಲ್ಲಿ ನಿಲ್ಲುವ ಹೊತ್ತಿಗೆ ಸಂಖ್ಯೆ 805 ಮುಟ್ಟಿತ್ತು, ನಿಜಕ್ಕೂ ಬಂದದ್ದು 803. ಒಂದೂ ಬಿಟ್ಟಿಲ್ಲ ಅನ್ನೋರು ಆ ಎರಡಕ್ಕೆ ಏನು ಹೇಳ್ತಾರೆ ನೋಡಿ. ಸೆಟ್ ನಿಜವಾಗಿ ಇದ್ದರೆ ಮೊದಲ 32 ಸಂಚಿಕೆ ಬಿಡಿಸಿ ನೋಡಿ, ಅವೆಲ್ಲ ಬರೀ ಫ್ಯಾಂಟಮ್ ಕಥೆಗಳು. ಆಬಿದ್ ಸುರ್ತಿಯವರ ಬಹಾದ್ದೂರ್ ಅನ್ನೋ ಭಾರತೀಯ ಹೀರೋ ಬರೋದು 1976ರಲ್ಲಿ, ಅದಕ್ಕೂ ಮೊದಲಿನ ಸಂಚಿಕೆಯಲ್ಲಿ ಅವನು ಕಂಡರೆ ಮುಖಪುಟ ಬದಲಿಸಿದ್ದಾರೆ ಅಂತ ಅರ್ಥ. ನೀವು ನೋಡೋಕೆ ಹೋಗುವಾಗ ಹೇಳಿ, ಅಚ್ಚುಮನೆಯವರೂ ನಾನೂ ಬರ್ತೀವಿ. ಕಾಗದ ನೋಡಿದರೆ ಅವರಿಗೆ ಹಳೇದೋ ಮರುಮುದ್ರಣವೋ ತಿಳಿಯುತ್ತದೆ.

ಅಚ್ಚುಮನೆ (ಕಲಬುರಗಿ):

ಭಾನುವಾರ ಆದರೆ ನಾನು ಖಾಲಿ.

ತೊಗರಿ_ನಾಡು (ಕಲಬುರಗಿ):

ನಾನೂ ಬರ್ತೀನಿ. ಅದರಲ್ಲಿ ಜೂಲಿ ಕಥೆ ಇದ್ದರೆ ಮೊದಲು ನನಗೆ.